ಮದ್ದು, ಮಾತು ಮತ್ತು ಮೌನ

ರೋಗವು ನಾಡನ್ನು ಮುತ್ತಿದ ಕಾಲದಲ್ಲಿ ಸರಕಾರದ ನಿಲುವಿಗೂ ತಜ್ಞರ ಅಭಿಪ್ರಾಯಕ್ಕೂ ವಿರುದ್ಧವಾಗಿ ಮಾತಾಡುವ ಹಕ್ಕು ಸಾಮಾನ್ಯ ಪ್ರಜೆಗೆ ಇದೆಯೆ? ಇದ್ದರೆ ಎಲ್ಲಿಯವರೆಗೆ? ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಈ ಪ್ರಶ್ನೆಯನ್ನೆತ್ತುವುದು ಕೆಲವರಿಗೆ ಅಪ್ರಸ್ತುತವೆನಿಸಬಹುದು. ಆದರೆ ಮಾತಿನ ಹಬ್ಬವನ್ನು ಆಚರಿಸುವ ನಾವು, ಮಾತು ಕಷ್ಟಕ್ಕೆ ಸಿಲುಕಿದ ಸಂದರ್ಭಗಳನ್ನೂ ಒಮ್ಮೆ ನೆನೆಯುವುದು ಉಚಿತವೆಂದೇ ನಮ್ಮ ಭಾವನೆ. ಅದರಲ್ಲೂ ಕಾಸರಗೋಡಿನ ಕನ್ನಡಿಗರಾದ ನಮಗೆ ಈ ಪ್ರಶ್ನೆ ಪುಸ್ತಕದಿಂದ ಬಂದುದಲ್ಲ. ನಮ್ಮ ಗುಡ್ಡ, ತೋಡು, ಬಾವಿಗಳ ಮೇಲಿಂದಲೇ ಅದು ಹಾದುಹೋಗಿದೆ.

ಮೊದಲು ಸಂವಿಧಾನದ ಮಾತು. ಪೌರನೀತಿಯ ತರಗತಿಗಳಲ್ಲಿ ನಾವು ಮಕ್ಕಳಿಂದ 19ನೆಯ ವಿಧಿಯನ್ನು ಬಾಯಿಪಾಠ ಮಾಡಿಸುತ್ತಿದ್ದೆವು. ವಾಕ್ ಸ್ವಾತಂತ್ರ್ಯಕ್ಕೆ ಯಾವ ಯಾವ ಕಾರಣಗಳಿಗಾಗಿ ಯುಕ್ತ ನಿರ್ಬಂಧ ಹೇರಬಹುದೆಂಬುದನ್ನು ಆ ವಿಧಿಯ ಎರಡನೆಯ ಉಪವಿಧಿ ಎಣಿಸಿ ಹೇಳುತ್ತದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಡನೆ ಮೈತ್ರಿ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಲಯ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಈ ಪಟ್ಟಿಯಲ್ಲಿ 'ಆರೋಗ್ಯ' ಎಂಬ ಪದವಿಲ್ಲ. ಸಂವಿಧಾನಕರ್ತರಿಗೆ ಆ ಪದ ಮರೆತುಹೋಗಿತ್ತು ಎನ್ನುವಂತಿಲ್ಲ. ಮತಧರ್ಮದ ಸ್ವಾತಂತ್ರ್ಯವನ್ನು ಕುರಿತ 25 ಮತ್ತು 26ನೆಯ ವಿಧಿಗಳಲ್ಲಿ ಸುವ್ಯವಸ್ಥೆ, ನೈತಿಕತೆಗಳ ಜೊತೆಗೆ ಆರೋಗ್ಯವನ್ನೂ ಅವರು ಸ್ಪಷ್ಟವಾಗಿಯೇ ಸೇರಿಸಿದ್ದಾರೆ. ಜಾತ್ರೆಯನ್ನು ಆರೋಗ್ಯದ ಕಾರಣಕ್ಕೆ ನಿಲ್ಲಿಸಬಹುದು. ಮಾತನ್ನು ಕೇವಲ ಆ ಒಂದು ಕಾರಣಕ್ಕೆ ನಿಲ್ಲಿಸುವ ಅಧಿಕಾರವನ್ನು ಬರೆದಿಟ್ಟಿಲ್ಲ. ಹಾಗಿದ್ದೂ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೆಯ ಕಲಮು, ವಿಪತ್ತಿನ ಕುರಿತು ಸುಳ್ಳು ಎಚ್ಚರಿಕೆ ಹಬ್ಬಿಸಿ ಭೀತಿ ಹುಟ್ಟಿಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. 'ಸುವ್ಯವಸ್ಥೆ' ಎಂಬ ಪದವೂ ರಬ್ಬರಿನಂತೆ ಎಳೆದಷ್ಟು ಹಿಗ್ಗಬಲ್ಲದು. ಆದುದರಿಂದ ಕಾನೂನಿನ ಪುಟಗಳಲ್ಲಿ ಮಾತ್ರ ಉತ್ತರ ಹುಡುಕಿದರೆ ಸಾಲದು.

ಮಾತಿಗೆ ಕಡಿವಾಣ ಬೇಕೆನ್ನುವವರ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. 2020ರ ಆರಂಭದ ತಿಂಗಳುಗಳಲ್ಲಿ ಇರಾನಿನಲ್ಲಿ ಮದ್ಯಸಾರ ಕುಡಿದರೆ ಕೊರೋನ ಬಾರದೆಂಬ ಗಾಳಿಮಾತು ಹಬ್ಬಿ, ಮೆಥನಾಲ್ ಎಂಬ ವಿಷವನ್ನು ಕುಡಿದು ನೂರಾರು ಮಂದಿ ಸತ್ತರು. ಕಣ್ಣು ಕಳಕೊಂಡವರು ಬೇರೆ. ಗಾಳಿಮಾತೂ ಒಂದು ಸಾಂಕ್ರಾಮಿಕವೇ. ಅದನ್ನು ಹಬ್ಬಿಸಿದವನು ವಾಕ್ ಸ್ವಾತಂತ್ರ್ಯದ ಮರೆಯಲ್ಲಿ ನಿಲ್ಲತಕ್ಕವನಲ್ಲ. ನಮ್ಮ ದೇಶದಲ್ಲಿ ಮಾಂತ್ರಿಕ ಚಿಕಿತ್ಸೆಗಳ ಜಾಹೀರಾತನ್ನು ನಿಷೇಧಿಸುವ ಕಾಯ್ದೆ 1954ರಿಂದಲೂ ಇದೆ. ಅಂಥ ಜಾಹೀರಾತು ವ್ಯಾಪಾರದ ಅಂಗವೇ ಹೊರತು ಸಂವಿಧಾನ ಕಾಪಾಡುವ ಅಭಿವ್ಯಕ್ತಿಯಲ್ಲವೆಂದು ಸುಪ್ರೀಂ ಕೋರ್ಟು 1959ರಲ್ಲಿ ಹಮ್ದರ್ದ್ ದವಾಖಾನೆಯ ಮೊಕದ್ದಮೆಯಲ್ಲಿ ಹೇಳಿತು. ಆ ಕಾಯ್ದೆಯ ಕೆಲವು ಭಾಗಗಳನ್ನು ಅದೇ ತೀರ್ಪು ರದ್ದು ಮಾಡಿತೆಂಬುದು ಬೇರೆ ಮಾತು. ರೋಗಿಯ ಭಯವನ್ನು ನಗದು ಮಾಡಿಕೊಳ್ಳುವವನ ಬಾಯಿಗೆ ಬೀಗ ಹಾಕಿದರೆ ನಾವು ಮರುಗುವುದಿಲ್ಲ.

ಆದರೆ ಆ ಬೀಗವನ್ನು ಕೈಯಲ್ಲಿ ಹಿಡಿದವರು ಯಾರ ಬಾಗಿಲಿಗೆ ಹೋಗುತ್ತಾರೆ? ವೂಹಾನ್ ನಗರದ ಕಣ್ಣಿನ ವೈದ್ಯ ಲಿ ವೆನ್‌ಲಿಯಾಂಗ್ 30 ಡಿಸೆಂಬರ್ 2019ರಂದು ತನ್ನ ಸಹಪಾಠಿ ವೈದ್ಯರ ಬಳಗಕ್ಕೊಂದು ಸಂದೇಶ ಕಳುಹಿಸಿದನು. ಮೀನು-ಮಾಂಸದ ಮಾರುಕಟ್ಟೆಯ ಏಳು ಮಂದಿಗೆ ಸಾರ್ಸ್ ರೋಗ ಬಂದಿದೆ, ಮನೆಯವರನ್ನು ಜೋಪಾನವಾಗಿರಿಸಿ ಎಂಬುದು ಅದರ ಸಾರ. ಜನವರಿ 3ರಂದು ಪೊಲೀಸರು ಕರೆಸಿ, ಸುಳ್ಳು ಹೇಳಿ ಸಮಾಜದ ಶಾಂತಿ ಕದಡಿದೆ ಎಂಬ ಎಚ್ಚರಿಕೆ ಪತ್ರಕ್ಕೆ ಸಹಿ ಹಾಕಿಸಿದರು. ಫೆಬ್ರವರಿ 7ರಂದು ಅದೇ ರೋಗಕ್ಕೆ ಆತ ಬಲಿಯಾದನು. ಮಾರ್ಚಿನಲ್ಲಿ ಪೊಲೀಸರು ಆ ಪತ್ರವನ್ನು ಹಿಂತೆಗೆದು ಕುಟುಂಬದ ಕ್ಷಮೆ ಕೇಳಿದರು. ಈ ಕಥೆ ಬಹುಮಂದಿಗೆ ಗೊತ್ತು. ಆದರೆ ಇದರಲ್ಲಿ ಅಡಗಿದ ಒಂದು ಸೂಕ್ಷ್ಮವನ್ನು ಗಮನಿಸಿದವರು ಕಡಿಮೆ. ವೈದ್ಯನ ಮೊದಲ ಸಂದೇಶವು ಅಕ್ಷರಶಃ ನೋಡಿದರೆ ತಪ್ಪಾಗಿತ್ತು! ಅದು ಸಾರ್ಸ್ ಆಗಿರಲಿಲ್ಲ. ಅದರ ದಾಯಾದಿಯಾದ ಹೊಸ ವೈರಾಣು. ಸತ್ಯವನ್ನಷ್ಟೇ ಆಡಬೇಕೆಂಬ ಕಟ್ಟುನಿಟ್ಟಿನ ಕಾನೂನಿದ್ದರೆ ಆ ಪೊಲೀಸರು ಮಾಡಿದ್ದೇ ಸರಿಯೆಂದಾಗುತ್ತಿತ್ತು. ಹೆಸರಿನಲ್ಲಿ ಆತ ತಪ್ಪಿದ್ದನು, ನೋಟದಲ್ಲಿ ತಪ್ಪಿರಲಿಲ್ಲ. ವಿಪತ್ತಿನ ಮೊದಲ ಗಳಿಗೆಯಲ್ಲಿ ಬಾಯಿ ಬಿಡುವವರೆಲ್ಲರ ಪಾಡು ಇದೇ. ಅವರು ಕಂಡದ್ದು ನಿಜವಾಗಿರುತ್ತದೆ, ಅದಕ್ಕೆ ಕೊಟ್ಟ ವಿವರಣೆ ಅರೆಬರೆಯಾಗಿರುತ್ತದೆ.

ಈ ಮಾತನ್ನು ಹಿಡಿದುಕೊಂಡು ನಮ್ಮ ಜಿಲ್ಲೆಗೇ ಬರೋಣ.

ಎಪ್ಪತ್ತರ ದಶಕದಿಂದ 2000ದವರೆಗೆ, ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ಗೇರಿನ ಚಿಗುರು, ಹೂಗಳ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲುವುದು ಉದ್ದೇಶ. ತೋಟಗಳು ಗುಡ್ಡದ ನೆತ್ತಿಯಲ್ಲಿ. ಮನೆ, ಬಾವಿ, ಸುರಂಗ, ಅಡಿಕೆ ತೋಟ, ಶಾಲೆಗಳೆಲ್ಲ ಬುಡದಲ್ಲಿ. ನಮ್ಮ ಊರುಗಳ ನೆಲದ ಬಗೆಯೇ ಹಾಗೆ. ಗುಡ್ಡದ ಮೇಲೆ ಬಿದ್ದದ್ದು ಮಳೆಯೊಡನೆ ತೋಡಿಗಿಳಿಯಲೇಬೇಕು. ಸಿಂಪಡಿಸುವ ದಿನ ಬಾವಿಗಳನ್ನು ಮುಚ್ಚಿರೆಂದು ಹೇಳುತ್ತಿದ್ದರು. ಬಾವಿಯ ಬಾಯಿಗೆ ಮಡಲು ಮುಚ್ಚಬಹುದು. ಹರಿಯುವ ತೋಡಿಗೆ ಏನು ಮುಚ್ಚುವುದು? ನಮ್ಮಲ್ಲಿ ಆ ದ್ರವವನ್ನು ಯಾರೂ ಎಂಡೋಸಲ್ಫಾನ್ ಎಂದು ಕರೆಯುತ್ತಿರಲಿಲ್ಲ. 'ಮದ್ದು' ಎನ್ನುತ್ತಿದ್ದರು. ಅಡಿಕೆಗೆ ಬಿಡುವ ಮೈಲುತುತ್ತವೂ ಮದ್ದು, ಆಸ್ಪತ್ರೆಯ ಗುಳಿಗೆಯೂ ಮದ್ದು, ಹೆಲಿಕಾಪ್ಟರಿನಿಂದ ಸುರಿಯುತ್ತಿದ್ದುದೂ ಮದ್ದೇ.

ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ, ವಾಣೀನಗರ ಮತ್ತು ಸ್ವರ್ಗ ಎಂಬ ಊರುಗಳ ಆಸುಪಾಸಿನಲ್ಲಿ, ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕಾಲು ಸೊಟ್ಟಾದ ಕರುಗಳು ಹುಟ್ಟಿದುದನ್ನು ಗಮನಿಸಿ ಬರೆದವರು ಕೃಷಿಕ-ಪತ್ರಕರ್ತ ಶ್ರೀ ಪಡ್ರೆಯವರು. ಮುಂದೆ 'ಅಡಿಕೆ ಪತ್ರಿಕೆ'ಯ ಮೂಲಕ ಕೃಷಿಕರ ಕೈಗೆ ಲೇಖನಿ ಕೊಟ್ಟವರೂ ಅವರೇ. ಅದೇ ಊರಿನಲ್ಲಿ ವೈದ್ಯ ವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರರು ತಮ್ಮ ಬಳಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟು ಅಂಗವೈಕಲ್ಯ, ಅರ್ಬುದ ರೋಗಗಳು ಅಸಹಜವಾಗಿ ಕಿಕ್ಕಿರಿದಿರುವುದನ್ನು ಕಂಡರು, ಬರೆದಿಟ್ಟರು, ಬಲ್ಲವರು ಬಂದು ಪರೀಕ್ಷಿಸಬೇಕೆಂದು ಕೇಳಿಕೊಂಡರು. ಜಿಲ್ಲೆಯ ದಕ್ಷಿಣದಲ್ಲಿ ಕೃಷಿ ಇಲಾಖೆಯ ನೌಕರರಾದ ಲೀಲಾಕುಮಾರಿ ಅಮ್ಮನವರು ನ್ಯಾಯಾಲಯದ ಮೆಟ್ಟಲು ಹತ್ತಿ, 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿನಿಂದ ವೈಮಾನಿಕ ಸಿಂಪಡಣೆಗೆ ತಡೆಯಾಜ್ಞೆ ತಂದರು.

ಇವರ ಬಾಯಿಯನ್ನು ಯಾವ ಸರಕಾರಿ ಆದೇಶವೂ ಮುಚ್ಚಲಿಲ್ಲ. ಪತ್ರಿಕೆಗಳಿಗೆ ಬೀಗ ಬೀಳಲಿಲ್ಲ, ಯಾರನ್ನೂ ಸೆರೆಮನೆಗೆ ಕಳುಹಿಸಲಿಲ್ಲ. ಆದರೂ ಮೊದಲ ಕರುವಿಗೂ ಕೊನೆಯ ಸಿಂಪಡಣೆಗೂ ನಡುವೆ ಎರಡು ದಶಕಗಳು ಸಂದವು. ಸಂಶಯ ಹೇಳಿದವರಿಗೆ ದೊರೆತ ಉತ್ತರ ಒಂದೇ: "ಪುರಾವೆ ಎಲ್ಲಿ?" ಕೃಷಿಕನ ಬಳಿ ಪ್ರಯೋಗಾಲಯವಿಲ್ಲ, ಹಳ್ಳಿಯ ವೈದ್ಯನ ಬಳಿ ರಕ್ತದಲ್ಲಿನ ಕೀಟನಾಶಕವನ್ನು ಅಳೆಯುವ ಯಂತ್ರವಿಲ್ಲ. ಪುರಾವೆ ಹುಡುಕುವ ಸಾಮರ್ಥ್ಯವೆಲ್ಲ ಯಾರ ಕೈಯಲ್ಲಿತ್ತೋ ಅವರೇ, ಪುರಾವೆ ತಂದು ಆಮೇಲೆ ಮಾತಾಡಿ ಎನ್ನುತ್ತಿದ್ದರು. ಬಾಯಿ ಮುಚ್ಚಿಸುವ ಬಗೆಗಳಲ್ಲಿ ಇದರಷ್ಟು ಸಭ್ಯವಾದದ್ದು ಬೇರೊಂದಿಲ್ಲ.

ಅದರೊಡನೆ ಭಾಷೆಯ ಗೋಡೆಯೂ ಸೇರಿತು. ಪಡ್ರೆಯ ಹೆಂಗಸು ತನ್ನ ಮಗುವಿನ ಕಥೆಯನ್ನು ಕನ್ನಡದಲ್ಲೋ ತುಳುವಿನಲ್ಲೋ ಹೇಳುತ್ತಾಳೆ. ಆ ಮಾತು ಕಡತವಾಗಿ ತಿರುವನಂತಪುರ ಮುಟ್ಟುವಾಗ ಮಲಯಾಳವಾಗಬೇಕು, ತಜ್ಞರ ಮೇಜಿಗೆ ಹೋಗುವಾಗ ಇಂಗ್ಲಿಷ್ ಆಗಬೇಕು. ಪ್ರತಿ ಹೊಸ್ತಿಲಲ್ಲೂ ಒಂದಿಷ್ಟು ಕಳಚಿ ಬೀಳುತ್ತದೆ. ಕೊನೆಗೆ ಉಳಿಯುವುದು ರೋಗದ ಹೆಸರು ಮತ್ತು ಒಂದು ಅಂಕೆ. ಗಡಿನಾಡಿನವರ ಭಿನ್ನಮತಕ್ಕೆ ಸೆನ್ಸಾರ್ ಅಧಿಕಾರಿಯ ಅಗತ್ಯವೇ ಬೀಳುವುದಿಲ್ಲವೆಂದು ನಾವು ಹೇಳುವುದು ಈ ಕಾರಣಕ್ಕೆ. ಇದನ್ನು ಕೇವಲ ಕನ್ನಡಾಭಿಮಾನದ ಮಾತೆಂದು ಯಾರೂ ಎಣಿಸದಿರಲಿ. ಪೆರಿಯ, ರಾಜಪುರಗಳ ಮಲಯಾಳಿ ತಾಯಂದಿರ ಗೋಳಿಗೂ ಕಿವಿ ದೊರೆಯಲು ಅಷ್ಟೇ ವರ್ಷಗಳು ಹಿಡಿದವು. ಹೋರಾಟದಲ್ಲಿ ಅವರೂ ನಮ್ಮವರೂ ಒಟ್ಟಿಗೇ ನಿಂತರು.

ಪ್ರಾಮಾಣಿಕತೆಗಾಗಿ ಇನ್ನೊಂದು ಮಾತನ್ನೂ ಹೇಳಬೇಕು. ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯು ಪಡ್ರೆಯಲ್ಲಿ ಅಧ್ಯಯನ ನಡೆಸಿ ರೋಗಗಳಿಗೂ ಈ ವಿಷಕ್ಕೂ ನಂಟಿದೆ ಎಂದರೆ, ಕೇಂದ್ರದ ದುಬೆ ಸಮಿತಿಯು ಅಂಥ ನಂಟು ಸಿದ್ಧವಾಗಿಲ್ಲವೆಂದಿತು. ಇಂದಿಗೂ ಕೆಲವು ವಿಜ್ಞಾನಿಗಳು ಪ್ರತಿಯೊಂದು ರೋಗವನ್ನೂ ಅದೊಂದಕ್ಕೇ ಹೊರಿಸುವುದು ಸರಿಯಲ್ಲವೆಂದು ವಾದಿಸುತ್ತಾರೆ. ಅವರು ವಾದಿಸಲಿ, ಅವರ ಬಾಯಿಯನ್ನೂ ಯಾರೂ ಮುಚ್ಚಬಾರದು. 2011ರ ಎಪ್ರಿಲಿನಲ್ಲಿ ಸ್ಟಾಕ್‌ಹೋಂ ಒಡಂಬಡಿಕೆಯ ರಾಷ್ಟ್ರಗಳು ಜಿನೀವಾದಲ್ಲಿ ಸೇರಿ ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿ ಮತ್ತು ಮಾರಾಟವನ್ನು ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿತು. ಆದರೆ ಪಡ್ರೆಯವರು ಗೆದ್ದರೆಂಬ ಕಾರಣಕ್ಕೆ ಅವರಿಗೆ ಮಾತಾಡುವ ಹಕ್ಕಿತ್ತು ಎಂದು ನಾವು ವಾದಿಸುವುದಿಲ್ಲ. ಸಂಶಯವು ಕಡೆಗೆ ಸುಳ್ಳೆಂದಾಗಿದ್ದರೂ ಆ ಹಕ್ಕು ಅಷ್ಟೇ ಇರುತ್ತಿತ್ತು. ಸೊಟ್ಟ ಕಾಲಿನ ಕರು ಕಣ್ಣೆದುರು ನಿಂತಿದ್ದಿತಲ್ಲ!

ಕಂಡದ್ದನ್ನು ಹೇಳುವುದು ಬೇರೆ, ಕಂಡದ್ದಕ್ಕೆ ಕಾರಣ ಊಹಿಸುವುದು ಬೇರೆ, ಹೀಗೇ ಮಾಡಿರೆಂದು ಊರಿಗೆಲ್ಲ ವಿಧಿಸುವುದು ಬೇರೆ. ವಿಧಿಸುವವನಿಗೆ ಹೊಣೆಯಿದೆ. ಮೆಥನಾಲ್ ಕುಡಿಯಿರೆಂದವನು ಆ ಹೊಣೆಯನ್ನು ಹೊರಲೇಬೇಕು. ಊಹಿಸುವವನಿಗೆ ಪ್ರತಿವಾದ ಎದುರಾಗಲಿ. ಆದರೆ ಕಂಡದ್ದನ್ನು ಹೇಳುವವನನ್ನು ತಡೆದರೆ ನಷ್ಟ ಅವನೊಬ್ಬನದಲ್ಲ. ಆಳುವವರು ತಮ್ಮ ಕಣ್ಣನ್ನು ತಾವೇ ಕಟ್ಟಿಕೊಂಡಂತಾಗುತ್ತದೆ.

ವಿಪತ್ತಿನಲ್ಲಿ ಚರ್ಚೆಗೆ ಸಮಯವೆಲ್ಲಿ ಎಂದು ಕೇಳುವವರಿದ್ದಾರೆ. ಮನೆಗೆ ಬೆಂಕಿ ಬಿದ್ದಾಗ ನ್ಯಾಯಶಾಸ್ತ್ರ ಓದುತ್ತಾ ಕೂರಲಾಗುವುದಿಲ್ಲ, ನಿಜ. ಆದರೆ ಯಾವ ಕೋಣೆಯಲ್ಲಿ ಬೆಂಕಿಯಿದೆಯೆಂದು ಕೂಗಿ ಹೇಳುವವನು ಬೇಡವೆ? 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೊರೋನ ಗಾಳಿಯಲ್ಲಿ ಹರಡುವ ರೋಗವಲ್ಲವೆಂದು ಖಚಿತವಾಗಿ ಸಾರಿತು. ಅದೇ ಜುಲೈಯಲ್ಲಿ 239 ಮಂದಿ ವಿಜ್ಞಾನಿಗಳು, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಿಂದಲೂ ಹರಡುತ್ತದೆ, ಕಿಟಕಿ ತೆರೆದಿಡಬೇಕು ಎಂದು ಬಹಿರಂಗ ಪತ್ರ ಬರೆದರು. ಸಂಸ್ಥೆಯು ಹೆಜ್ಜೆ ಹೆಜ್ಜೆಯಾಗಿ ಅದನ್ನು ಒಪ್ಪಿಕೊಂಡಿತು. ಅಧಿಕೃತ ನಿಲುವಿಗೆ ವಿರುದ್ಧವಾದುದೆಲ್ಲ ಸುಳ್ಳು ಸುದ್ದಿಯೆಂಬ ನಿಯಮವನ್ನು ಕಡ್ಡಾಯವಾಗಿ ಪಾಲಿಸಿದ್ದರೆ ಆ 239 ಮಂದಿಯೂ ಸುಳ್ಳುಗಾರರೇ ಆಗಬೇಕಿತ್ತು. ನಮ್ಮಲ್ಲಿಯೂ ಸುಪ್ರೀಂ ಕೋರ್ಟು 2020ರ ಮಾರ್ಚ್ 31ರಂದು, ಮುಕ್ತ ಚರ್ಚೆಗೆ ಅಡ್ಡಿಯಿಲ್ಲವೆನ್ನುತ್ತಲೇ, ಮಾಧ್ಯಮಗಳು ಅಧಿಕೃತ ವಿವರಣೆಯನ್ನು ಗಮನಿಸಿ ಪ್ರಕಟಿಸಬೇಕೆಂದಿತು. ಎರಡನೆಯ ಅಲೆಯ ನಡುವೆ, 2021ರ ಎಪ್ರಿಲ್ 30ರಂದು, ಆಮ್ಲಜನಕಕ್ಕಾಗಿ, ಹಾಸಿಗೆಗಾಗಿ ಜಾಲತಾಣಗಳಲ್ಲಿ ಮೊರೆಯಿಡುವ ಪ್ರಜೆಗಳ ಮೇಲೆ ಕ್ರಮ ಕೈಗೊಂಡರೆ ನ್ಯಾಯಾಲಯ ನಿಂದನೆಯೆಂದು ಪರಿಗಣಿಸುವುದಾಗಿ ಅದೇ ನ್ಯಾಯಾಲಯ ಎಚ್ಚರಿಸಿತು. ಹದಿಮೂರು ತಿಂಗಳುಗಳ ಅಂತರದಲ್ಲಿ ಬಂದ ಈ ಎರಡು ಆದೇಶಗಳಲ್ಲಿ ಎರಡನೆಯದೇ ನಮಗೆ ಹೆಚ್ಚು ಹಿಡಿಸುತ್ತದೆ.

ತಲಪಾಡಿಯ ಗಡಿಯನ್ನು ಮುಚ್ಚಿದ ದಿನಗಳನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ರೋಗಿಗಳು ಹೆದ್ದಾರಿಯ ತಡೆಯಲ್ಲಿ ಸಿಕ್ಕಿಕೊಂಡರು. ಚಿಕಿತ್ಸೆ ಸಿಗದೆ ಪ್ರಾಣ ಬಿಟ್ಟವರೂ ಇದ್ದಾರೆ. ರಸ್ತೆ ತೆರೆಯಿರಿ ಎಂದವನಿಗೆ ರೋಗ ಹರಡುವವನೆಂಬ ಬಿರುದು. ಮುಚ್ಚಿದುದಕ್ಕೆ ಕಾರಣವಿರಬಹುದೆಂದು ಮೆಲ್ಲನೆ ಹೇಳಿದ ಕನ್ನಡಿಗನಿಗೆ ಈಚೆಯವರಿಂದ ಬೇರೊಂದು ಬಿರುದು. ಎರಡೂ ಕಡೆಗೆ ಸೇರಿದವರಾದ ನಮ್ಮ ಬಾಯಿಗೆ ಆ ದಿನಗಳಲ್ಲಿ ಎರಡು ಬೀಗಗಳಿದ್ದವು. ಎಪ್ರಿಲ್ 1ರಂದು ಕೇರಳ ಹೈಕೋರ್ಟು ರೋಗಿಗಳಿಗಾಗಿ ದಾರಿ ಬಿಡಬೇಕೆಂದಿತು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಗಿ, ಕೆಲವು ದಿನಗಳಲ್ಲಿ ಆಂಬುಲೆನ್ಸುಗಳಿಗೆ ನಿಬಂಧನೆಗಳೊಂದಿಗೆ ದಾರಿಯಾಯಿತು. ಯಾರೋ ಬಾಯಿ ಬಿಟ್ಟದ್ದರಿಂದ ತಾನೆ?

ನೂರಿಪ್ಪತ್ತು ವರ್ಷಗಳಿಗೂ ಹಿಂದಿನ ಪ್ಲೇಗಿನಲ್ಲಿ ನಡೆದುದೂ ಇದಕ್ಕೆ ಹೊಂದುತ್ತದೆ. 1897ರಲ್ಲಿ ಪುಣೆಯ ಮನೆಗಳನ್ನು ಸೈನಿಕರು ಶೋಧಿಸುತ್ತಿದ್ದಾಗ ಹೆಂಗಸರ ಮೇಲೆ ಅತ್ಯಾಚಾರ ನಡೆದಿದೆಯೆಂದು, ಊರಿನಿಂದ ಬಂದ ಪತ್ರಗಳನ್ನು ನಂಬಿ, ಗೋಪಾಲಕೃಷ್ಣ ಗೋಖಲೆಯವರು ಇಂಗ್ಲೆಂಡಿನಲ್ಲಿ ಹೇಳಿದರು. ಮರಳಿ ಬಂದಾಗ ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ. ಗೋಖಲೆಯವರು ಬಹಿರಂಗವಾಗಿ ಕ್ಷಮೆ ಕೇಳಿದರು. 'ಕೇಸರಿ'ಯಲ್ಲಿ ಪ್ರಕಟವಾದ ಬರಹಗಳಿಗಾಗಿ ಅದೇ ವರ್ಷ ತಿಲಕರಿಗೆ ರಾಜದ್ರೋಹದ ಆರೋಪದಲ್ಲಿ 18 ತಿಂಗಳ ಶಿಕ್ಷೆಯಾಯಿತು. ಸಂಪಾದಕನೇ ಸೆರೆಮನೆಗೆ ಹೋಗುವ ಊರಿನಲ್ಲಿ ಬಡ ಗೃಹಸ್ಥನು ಸಾಕ್ಷಿ ಹೇಳಲು ಬಂದಾನೆ? ಪುರಾವೆ ಇಲ್ಲವೆಂಬುದು ಘಟನೆ ನಡೆದಿಲ್ಲವೆಂಬುದಕ್ಕೆ ಪುರಾವೆಯಾಗದು, ನಡೆದಿದೆಯೆಂಬುದಕ್ಕೂ ಆಗದು. ಭಯವಿರುವಲ್ಲಿ ಸತ್ಯ-ಸುಳ್ಳುಗಳ ವಿಂಗಡಣೆಯೇ ಅಸಾಧ್ಯವೆಂದಷ್ಟೇ ಅದರಿಂದ ತಿಳಿಯುತ್ತದೆ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ ಎನ್ನುತ್ತಾರೆ ನಮ್ಮ ಹಿರಿಯರು. ಮುಚ್ಚಿದ ಬಾಯಿ ಪಿಸುಮಾತಾಗಿ ತೆರೆದುಕೊಳ್ಳುತ್ತದೆ, ಪಿಸುಮಾತಿಗೆ ಮರುತ್ತರ ಕೊಡುವವರಾರು?

ಇದರ ಬೆಲೆ ಮುಂದಿನ ವಿಪತ್ತಿನಲ್ಲಿ ತೆರಬೇಕಾಗುತ್ತದೆ. 2021ರ ಮಾರ್ಚಿನಲ್ಲಿ ಅರುವತ್ತು ದಾಟಿದವರಿಗೆ ಕೊರೋನ ಲಸಿಕೆ ಆರಂಭವಾದಾಗ ನಾವು ಮೊದಲ ವಾರಗಳಲ್ಲೇ ಹಾಕಿಸಿಕೊಂಡೆವು. ಬಂಧುಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಹಾಕಿಸಿಕೊಳ್ಳಿರೆಂದು ಹೇಳುತ್ತಾ ಬಂದೆವು. ಲಸಿಕೆಯ ವಿಷಯದಲ್ಲಿ ನಮಗೆ ಅಂದೂ ಸಂಶಯವಿರಲಿಲ್ಲ, ಇಂದೂ ಇಲ್ಲ. ಆದರೆ ಗೇರು ಗುಡ್ಡದ ಬುಡದಲ್ಲಿರುವ ನಮ್ಮ ಪರಿಚಯದ ಹಿರಿಯ ಕೃಷಿಕರೊಬ್ಬರು ಒಪ್ಪಲಿಲ್ಲ. ಅವರು ಅವಿದ್ಯಾವಂತರಲ್ಲ, ದಿನಾ ಎರಡು ಪತ್ರಿಕೆ ಓದುವವರು. ಅವರ ಮಾತು ಇಷ್ಟೆ: "ಮಾಷ್ಟ್ರೇ, ಆವಾಗಲೂ ಮದ್ದು ಅಂತಲೇ ಹೇಳಿದ್ದು. ಏನೂ ತೊಂದರೆ ಇಲ್ಲ ಅಂತಲೇ ಹೇಳಿದ್ದು. ಕೇಳಿದವರನ್ನು ಹುಚ್ಚರು ಅಂದದ್ದೂ ಇವರೇ."

ಈ ಮಾತಿಗೆ ಅಂಕಿ-ಅಂಶಗಳ ಉತ್ತರ ನಾಟುವುದಿಲ್ಲ. ಎರಡು ಮದ್ದುಗಳೂ ಒಂದೇ ಅಲ್ಲವೆಂದು ವಿವರಿಸಬಹುದು, ವಿವರಿಸಿಯೂ ಆಯಿತು. ಅವರು ಶಂಕಿಸುತ್ತಿದ್ದುದು ಲಸಿಕೆಯನ್ನಲ್ಲ, ಹೇಳುವ ಬಾಯಿಯನ್ನು. ಆ ಶಂಕೆಯನ್ನು ನೆಟ್ಟವರು ಯಾವ ವದಂತಿಕೋರರೂ ಅಲ್ಲ. ಇಪ್ಪತ್ತು ವರ್ಷ "ಪುರಾವೆ ಎಲ್ಲಿ?" ಎಂದು ಕೇಳಿ ಕಳುಹಿಸಿದವರೇ ನೆಟ್ಟರು.

ಅವರ ಮನೆಗೆ ಆಶಾ ಕಾರ್ಯಕರ್ತೆ ಮೂರು ಸಲ ಹೋದಳು. ಮೊದಲ ಸಲ ಚೀಟಿ ಕೊಟ್ಟು ಬಂದಳು, ಚೀಟಿ ಮಲಯಾಳದಲ್ಲಿತ್ತು. ಎರಡನೆಯ ಸಲ ಜಗಲಿಯಲ್ಲಿ ಕುಳಿತು ತುಳುವಿನಲ್ಲಿ ಮಾತಾಡಿದಳು. ಹೆಲಿಕಾಪ್ಟರಿನ ಕಥೆಯನ್ನು ಆತ ಹೇಳಿದಷ್ಟೂ ಕೇಳಿದಳು, ನಡುವೆ ಬಾಯಿ ಹಾಕಲಿಲ್ಲ. ತನ್ನ ಚಿಕ್ಕಮ್ಮನ ಮಗನೂ ಹಾಗೇ ಹಾಸಿಗೆ ಹಿಡಿದವನೆಂದಳು. ತನಗೆ ಲಸಿಕೆಯಾದ ಮೇಲೆ ಎರಡು ದಿನ ಜ್ವರ ಬಂದದ್ದನ್ನೂ ಮುಚ್ಚಿಡಲಿಲ್ಲ. ಮೂರನೆಯ ಸಲ ಹೋದಾಗ ಆತ ಅಂಗಿ ಹಾಕಿಕೊಂಡು ಹೊರಟು ನಿಂತಿದ್ದರಂತೆ. ಹೆಂಡತಿ ಮಾತ್ರ ಇನ್ನೂ ಒಪ್ಪಿರಲಿಲ್ಲ. ಆಕೆಯನ್ನು ಬೈಯಬೇಡಿ, ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ಅವಳು ತೋಡು ದಾಟಿ ಆಚೆಯ ಮನೆಗೆ ಹೋದಳು.